ಚರ್ಚಿನ ಓದುಗರ ಗುಂಪಿಗೆ ಯಾವ ಪುಸ್ತಕ? ಮಲೆನಾಡಿನ ಕಡೆಯವರು ಸ್ವಲ್ಪ ಹೇಳಿ

ತುಂಗಾತೀರದವಳು, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮ ಚರ್ಚಿನಲ್ಲಿ ಓದುಗರ ಗುಂಪು ಅಂತ ಇದೆ. ಈ ವರ್ಷ ಅದನ್ನು ನಡೆಸುವ ಕೆಲಸ ನನ್ನ ತಲೆಗೆ ಬಂದಿದೆ. ನಾನು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷಿಯರ್. ಊಟದ ಹೊತ್ತಲ್ಲಿ ಪುಸ್ತಕ ಹಿಡಿದು ಕೂತಿರುವುದನ್ನು ಸಭೆಯವರು ಯಾರೋ ನೋಡಿದ್ದಾರೆ, ಅಷ್ಟೇ ಅರ್ಹತೆ.

ತಿಂಗಳಿಗೆ ಎರಡು ಶನಿವಾರ ಸಂಜೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ಸೇರುತ್ತೇವೆ. ಹದಿನಾಲ್ಕು ಹದಿನೈದು ಜನ. ಯಾರ್ಯಾರು ಅಂತ ಹೇಳಿದರೆ ನನ್ನ ಕಷ್ಟ ಗೊತ್ತಾಗುತ್ತೆ. ಎಂಬತ್ತರ ಹತ್ತಿರದ ಅಜ್ಜಿ ಇದ್ದಾರೆ. ಸತ್ಯವೇದ ಬಿಟ್ಟು ಬೇರೆ ಓದಿಲ್ಲ, ಆದರೆ ಅದನ್ನು ಪೂರ್ತಿ ಅರೆದು ಕುಡಿದಿದ್ದಾರೆ. ಡಿಗ್ರಿ ಓದುವ ನಾಲ್ಕು ಮಕ್ಕಳಿದ್ದಾರೆ. ಇಂಗ್ಲಿಷ್ ಮೀಡಿಯಂ, ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದು ಅಂದರೆ ಒತ್ತಕ್ಷರದ ಹತ್ತಿರ ನಿಂತುಬಿಡುತ್ತಾರೆ. ಅಡಿಕೆ ತೋಟದ ಇಬ್ಬರು ಅಂಕಲ್, ಒಬ್ಬರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರ್ ಆಗಿದ್ದವರು, ಮಿಕ್ಕವರು ಹೆಚ್ಚಿನಂಶ ಮನೆ ಮತ್ತು ಕೆಲಸ ಎರಡೂ ನೋಡಿಕೊಳ್ಳುವ ಹೆಂಗಸರು. ಇವರಿಗೆ ಓದಲು ಸಿಗುವ ಟೈಮು ರಾತ್ರಿ ಪಾತ್ರೆ ತೊಳೆದ ಮೇಲೆ. ಆಗ ಕಣ್ಣು ಎಳೆಯುತ್ತಿರುತ್ತದೆ.

ಹೋದ ವರ್ಷ ಕಮಿಟಿಯವರು ಶಿಷ್ಯತ್ವದ ಬಗ್ಗೆ ಒಂದು ದಪ್ಪ ಪುಸ್ತಕ ಕೊಡಿಸಿದ್ದರು. ಪ್ರತಿ ಅಧ್ಯಾಯದ ಕೊನೆಗೆ ಹತ್ತು ಪ್ರಶ್ನೆ, ಪುಸ್ತಕದ ಕೊನೆಗೆ ಉತ್ತರ. ಏನಾಯಿತು ಅಂತ ಊಹಿಸಬಹುದು. ಎಲ್ಲರೂ ಹಿಂದಿನಿಂದ ಓದಿಕೊಂಡು ಬಂದರು. ಪ್ರಶ್ನೆ ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ, ಪರೀಕ್ಷೆ ಹಾಲ್‌ನಲ್ಲಿ ನಕಲು ಸಿಕ್ಕಿದ ಹಾಗೆ. ಮಳೆಗಾಲ ಮುಗಿಯುವಷ್ಟರಲ್ಲಿ ಆರು ಜನ ಉಳಿದಿದ್ದೆವು.

ಈ ಸಲ ಪಾಸ್ಟರ್ "ನೀವೇ ಆರಿಸಿ, ನಾನು ಬಂದು ಕೂತ್ಕೋತೀನಿ" ಅಂದಿದ್ದಾರೆ. ಒಳ್ಳೆಯವರು. ಆದರೆ ಇಬ್ಬರು ಹಿರಿಯರು ಈಗಲೇ "ಕತೆ ಕಾದಂಬರಿ ಎಲ್ಲ ಚರ್ಚಿನಲ್ಲಿ ಯಾಕೆ?" ಅಂತ ಶುರು ಮಾಡಿದ್ದಾರೆ. ಮಕ್ಕಳು ಇಂಗ್ಲಿಷಿನ ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ ಬೇಕು ಅನ್ನುತ್ತಾರೆ. ಅಜ್ಜಿ ಏನು ಕೊಟ್ಟರೂ ಓಕೆ, ಅಕ್ಷರ ದಪ್ಪ ಇರಬೇಕಂತೆ.

ಕನ್ನಡದಲ್ಲಿ, ತುಂಬಾ ದುಬಾರಿ ಅಲ್ಲದ, ಮಾತು ಹುಟ್ಟಿಸುವ ಪುಸ್ತಕ ಹೇಳಿ. ನೀವು ನಿಜವಾಗಿ ಗುಂಪಿನಲ್ಲಿ ಓದಿದ್ದನ್ನೇ ಹೇಳಿದರೆ ಇನ್ನೂ ಒಳ್ಳೆಯದು.

ಕೊಪ್ಪದ ಕಾಫಿ

ಲೂಯಿಸ್ ಬೇಡ ಅನ್ನಲ್ಲ. "ಮಿಯರ್ ಕ್ರಿಶ್ಚಿಯಾನಿಟಿ" ಮೊದಲು ಬಿಬಿಸಿ ರೇಡಿಯೋದಲ್ಲಿ ಆಡಿದ ಮಾತು, ಯುದ್ಧದ ಕಾಲದಲ್ಲಿ. ಪುಸ್ತಕವಾಗಿ ಬಂದಿದ್ದು 1952ರಲ್ಲಿ. ಹಾಗಾಗಿ ಕೇಳೋಕೆ ಚೆನ್ನಾಗಿದೆ. ಆದರೆ ಆ ನಾಲ್ಕು ಮಕ್ಕಳಿಗೆ ಬೇರೆ ದಿನ ಇಡಿ. ಎಲ್ಲರಿಗೂ ಒಂದೇ ಅಂತ ಹೊರಟರೆ ಅಜ್ಜಿಗೂ ಆಗಲ್ಲ, ಮಕ್ಕಳಿಗೂ ಆಗಲ್ಲ.

ಸಾಗರದ ಮೇಷ್ಟ್ರು

ತಂಗೀ, ಕೊಪ್ಪದವರ ಮಾತು ನಾನು ಒಪ್ಪಲ್ಲ. ಗುಂಪನ್ನು ಒಡೆಯಬೇಡಿ. ವಯಸ್ಸಿನ ಪ್ರಕಾರ ಒಡೆಯಲು ಚರ್ಚಿನಲ್ಲಿ ಸಂಡೇ ಸ್ಕೂಲ್, ಯುವಜನ ಕೂಟ, ಸ್ತ್ರೀಯರ ಕೂಟ ಎಲ್ಲ ಮೊದಲೇ ಇವೆ. ಅಜ್ಜಿ ಮತ್ತು ಡಿಗ್ರಿ ಹುಡುಗ ಒಂದೇ ಬೆಂಚಲ್ಲಿ ಕೂತು ಒಂದೇ ಕತೆ ಬಗ್ಗೆ ಜಗಳ ಆಡುವ ಜಾಗ ಇನ್ನೆಲ್ಲಿದೆ ಹೇಳಿ?

ನಾನು ಹೈಸ್ಕೂಲಲ್ಲಿ ಕನ್ನಡ ಹೇಳಿಕೊಟ್ಟು ರಿಟೈರ್ ಆದವನು. ಸಾಗರದಲ್ಲಿ ಇಂಥದ್ದೇ ಗುಂಪು ಬಹಳ ವರ್ಷದಿಂದ ನಡೆಸುತ್ತಿದ್ದೇನೆ. ನನ್ನದು ಎರಡೇ ನಿಯಮ. ಒಂದು, ಮನೆಯಲ್ಲಿ ಓದಿಕೊಂಡು ಬನ್ನಿ ಅಂತ ಹೇಳುವುದಿಲ್ಲ. ಓದುವುದೆಲ್ಲ ಅಲ್ಲೇ, ಜೋರಾಗಿ, ಸರದಿಯ ಮೇಲೆ. ಓದಲು ಇಷ್ಟವಿಲ್ಲದವರು ಕೇಳುತ್ತಾರೆ. ನಿಮ್ಮ ಪಾತ್ರೆ ತೊಳೆಯುವ ಹೆಂಗಸರ ಕಷ್ಟ ಇಲ್ಲಿಗೇ ಮುಗಿಯಿತು. ಒತ್ತಕ್ಷರದ ಹತ್ತಿರ ನಿಲ್ಲುವ ಮಕ್ಕಳೂ ಎರಡು ಮೂರು ತಿಂಗಳಲ್ಲಿ ಸರಿ ಹೋಗುತ್ತಾರೆ. ಯಾರೂ ನಗಬಾರದು, ಅಷ್ಟೇ. ನಮ್ಮಲ್ಲಿ ನಕ್ಕವರು ಮುಂದಿನ ಎರಡು ಪುಟ ಓದಬೇಕು.

ಎರಡನೆಯ ನಿಯಮ: ಯಾವ ಪುಸ್ತಕ ಹಿಡಿದರೂ ಸತ್ಯವೇದದ ಒಂದು ಅಧ್ಯಾಯ ಅದರ ಪಕ್ಕ ಇಡಬೇಕು. ನಿಮ್ಮ ಆ ಇಬ್ಬರು ಹಿರಿಯರಿಗೆ ಇದೇ ಉತ್ತರ. ಕತೆ ಓದುತ್ತಿಲ್ಲ ಅಂಕಲ್, ರಾಜ ದ್ರಾಕ್ಷಿತೋಟ ಕಿತ್ತುಕೊಂಡನಲ್ಲ, ಆ ನಾಬೋತನ ಅಧ್ಯಾಯ ಓದುತ್ತಿದ್ದೇವೆ, ಜೊತೆಗೆ ಕತೆಯೂ ಇದೆ ಅನ್ನಿ. ಅವರಿಗೆ ಬೇಕಾಗಿದ್ದು ಅಷ್ಟೇ.

ಈಗ ಪುಸ್ತಕಕ್ಕೆ ಬರೋಣ. ಶುರು ಮಾಡೋಕೆ ಟಾಲ್‌ಸ್ಟಾಯ್. ದಪ್ಪ ಕಾದಂಬರಿಗಳಲ್ಲ, ಕೊನೆಗಾಲದಲ್ಲಿ ಸಾಮಾನ್ಯ ಜನಕ್ಕೆ ಅಂತಲೇ ಬರೆದ ಚಿಕ್ಕ ಕತೆಗಳು. ಕನ್ನಡಕ್ಕೆ ಹಲವರು ತಂದಿದ್ದಾರೆ, ಜಿಲ್ಲಾ ಗ್ರಂಥಾಲಯದಲ್ಲಿ ಕೇಳಿ ನೋಡಿ. ಒಬ್ಬ ಮನುಷ್ಯನಿಗೆ ಎಷ್ಟು ಜಮೀನು ಬೇಕು ಅನ್ನುವ ಕತೆ ಇದೆಯಲ್ಲ, 1886ರದ್ದು. ಪಾಹೋಮ ಅನ್ನುವ ರೈತ. ಬಷ್ಕೀರರ ಸೀಮೆಗೆ ಹೋಗುತ್ತಾನೆ. ಸಾವಿರ ರೂಬಲ್ ಕೊಟ್ಟು, ಬೆಳಗ್ಗೆ ಹೊರಟು, ಸೂರ್ಯ ಮುಳುಗುವಷ್ಟರಲ್ಲಿ ಎಷ್ಟು ನೆಲ ಸುತ್ತಿ ವಾಪಸ್ ಬರುತ್ತಾನೋ ಅಷ್ಟೂ ಅವನದ್ದು. ಮುಂದಿನದ್ದು ನಾನು ಹೇಳಲ್ಲ.

ಇದನ್ನು ನಮ್ಮಲ್ಲಿ ಓದಿದ ಸಂಜೆ ಮರೆಯಲಾರೆ. ವರ್ಷವಿಡೀ ಬಾಯಿ ಬಿಡದೆ ಬಾಗಿಲ ಹತ್ತಿರ ಕೂರುತ್ತಿದ್ದ ತೋಟದವರೊಬ್ಬರು ಪಾಹೋಮ "ಇದೊಂದು ತಗ್ಗು, ಇದೂ ಸೇರಿರಲಿ" ಅಂತ ತಿರುಗುವ ಜಾಗಕ್ಕೆ ಬಂದ ತಕ್ಷಣ "ಅಲ್ಲೇ ಬೇಲಿ ಹಾಕ್ಬೇಕಿತ್ತು" ಅಂದರು. ಇಡೀ ಹಾಲು ನಕ್ಕಿತು. ಆಮೇಲೆ ಯಾರೋ ಬಗರ್ ಹುಕುಂ ಅರ್ಜಿಯ ಮಾತು ತೆಗೆದರು. ಇನ್ನೊಬ್ಬರು ಕಾನು ಸವರಿ ತೋಟ ಮಾಡಿದ್ದು ಸರಿಯಾ ಅಂದರು. ತೋಟದವರು ಬಿಸಿಯಾದರು. ನಮ್ಮಪ್ಪ ಹೊಟ್ಟೆಗಿಲ್ಲದೆ ಮಾಡಿದ್ದು, ಆಸೆಗೆ ಮಾಡಿದ್ದಲ್ಲ ಅಂದರು. ಅಲ್ಲಿಂದ ಲೂಕ 12ಕ್ಕೆ, ಇದ್ದ ಕಣಜ ಕೆಡವಿ ಇನ್ನೂ ದೊಡ್ಡದು ಕಟ್ಟಲು ಹೊರಟ ಆ ಶ್ರೀಮಂತನ ಹತ್ತಿರ ಹೋದೆವು. ಹೊಟ್ಟೆಪಾಡು ಎಲ್ಲಿ ಮುಗಿಯುತ್ತೆ, ಆಸೆ ಎಲ್ಲಿ ಶುರುವಾಗುತ್ತೆ ಅಂತ ಕತ್ತಲಾಗುವವರೆಗೂ ಮಾತು. ನಾನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಪ್ರಶ್ನೆ ಹತ್ತು, ಉತ್ತರ ಹತ್ತು ಅನ್ನುವ ಪುಸ್ತಕದಿಂದ ಇದು ಆಗುತ್ತಿತ್ತಾ?

ಅವರದ್ದೇ ಇನ್ನೊಂದು ಕತೆ, ಚಪ್ಪಲಿ ಹೊಲಿಯುವ ಮಾರ್ಟಿನ್‌ನದ್ದು. ನೆಲಮಾಳಿಗೆಯ ಕಿಟಕಿಯಿಂದ ಅವನಿಗೆ ಕಾಣೋದು ಹೋಗಿಬರುವವರ ಕಾಲು ಮಾತ್ರ. ಬೂಟು ನೋಡಿ ಯಾರು ಅಂತ ಹೇಳುತ್ತಾನೆ, ಯಾಕೆಂದರೆ ಹೆಚ್ಚಿನವು ಅವನೇ ರಿಪೇರಿ ಮಾಡಿದ್ದು. ನಾಳೆ ಕರ್ತನು ಬರುತ್ತಾನೆ ಅಂತ ಕಾಯುತ್ತಾನೆ. ಬರುವವರು ಮಾತ್ರ ಬೇರೆಯವರು. ಮತ್ತಾಯ 25ರ ಜೊತೆ ಓದಿ. ಇದು ಕ್ರಿಸ್ಮಸ್ ಹತ್ತಿರ ಇಟ್ಟುಕೊಳ್ಳಿ. ಅಜ್ಜಿ ಗ್ಯಾರಂಟಿ ಮೊದಲೇ ಕೊನೆ ಊಹಿಸುತ್ತಾರೆ, ಊಹಿಸಲಿ ಬಿಡಿ.

ಎರಡನೆಯದಾಗಿ ನಮ್ಮೂರಿನ ನಾ. ಡಿಸೋಜ. ಊರಿನ ಅಭಿಮಾನಕ್ಕೆ ಹೇಳುತ್ತಿಲ್ಲ, ಸ್ವಲ್ಪ ಅದೂ ಇದೆ ಅನ್ನಿ. ಲೋಕೋಪಯೋಗಿ ಇಲಾಖೆಯಲ್ಲಿ ನೌಕರಿ ಮಾಡಿಕೊಂಡು ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡವರು. 2014ರಲ್ಲಿ ಮಡಿಕೇರಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿದ್ದರು. 2025ರ ಜನವರಿಯಲ್ಲಿ ತೀರಿಕೊಂಡರು. "ಇಗರ್ಜಿಯ ಸುತ್ತಲಿನ ಹತ್ತು ಮನೆಗಳು" ಅಂತ ಅವರ ಕಾದಂಬರಿ ಇದೆ. ಹೆಸರೇ ಹೇಳುತ್ತೆ, ಇಗರ್ಜಿ ಸುತ್ತ ಬದುಕು ಕಟ್ಟಿಕೊಂಡ ಕ್ರೈಸ್ತ ಮನೆಗಳ ಕತೆ. ನೀವು ಯಾವ ಸಭೆಯವರೇ ಆಗಿರಿ, ಚರ್ಚಿನ ಸುತ್ತಲಿನ ಸಣ್ಣತನ, ದೊಡ್ಡತನ ಎರಡೂ ಕಾಣುವ ಪುಸ್ತಕ ಬೇಕೇ ಬೇಕು.

ಆದರೆ ಮೊದಲು "ದ್ವೀಪ" ಓದಿ. ಚಿಕ್ಕದು. ಅಣೆಕಟ್ಟಿನ ನೀರು ಏರುತ್ತಾ ಬರುವಾಗ ಸೀತಾಪರ್ವತದಲ್ಲೇ ಉಳಿದ ಗಣಪಯ್ಯ, ನಾಗವೇಣಿಯ ಕತೆ. ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರಲ್ಲ, ಅದೇ. ಅದರಲ್ಲಿ ಒಬ್ಬ ಕ್ರೈಸ್ತನೂ ಇಲ್ಲವಲ್ಲ, ಚರ್ಚಿಗೆ ಯಾಕೆ ಅಂತ ನಮ್ಮಲ್ಲೂ ಕೇಳಿದರು. 137ನೆಯ ಕೀರ್ತನೆ ತೆಗೆಯಿರಿ ಅಂದೆ. ಬಾಬಿಲೋನಿನ ನದಿಗಳ ಬಳಿ ಕೂತು ಅತ್ತವರು. ಲಿಂಗನಮಕ್ಕಿ ಕಟ್ಟು ಮುಗಿದದ್ದು 1964ರಲ್ಲಿ. ಶಿವಮೊಗ್ಗದ ಸುತ್ತ ಮುಳುಗಡೆಯಿಂದ ಎದ್ದು ಬಂದವರ ಊರು ಎಷ್ಟಿವೆ! ನಿಮ್ಮ ಹದಿನೈದು ಜನರಲ್ಲೇ ಒಂದು ಮನೆ ಇರಬಹುದು, ವಿಚಾರಿಸಿ ನೋಡಿ. ನಮ್ಮಲ್ಲಿ ಒಬ್ಬ ಹೆಂಗಸು, ತವರು ಮನೆ ನೀರೊಳಗೆ ಹೋದವರು, ಆ ಕೀರ್ತನೆಯ ಕೊನೆಯ ವಚನ ಓದಲ್ಲ ಅಂದರು. ಅಷ್ಟು ಸಿಟ್ಟು ಬೇಡ ಅಂದರು. ಪಕ್ಕದಲ್ಲಿದ್ದ ಹುಡುಗಿ, ಬೇಡ ಅಂತ ಬಿಟ್ಟರೆ ಅವರ ದುಃಖ ಅರ್ಧ ಆಗುತ್ತಲ್ಲ ಆಂಟಿ ಅಂದಳು. ನಾನು ಎಷ್ಟೋ ಪ್ರಸಂಗ ಕೇಳಿದ್ದೇನೆ, ಇಷ್ಟು ಒಳಗೆ ಹೋದದ್ದು ಕಡಿಮೆ.

ಜಾಸ್ತಿ ಆಯಿತು. ಮೇಷ್ಟ್ರ ಚಾಳಿ.

ಆಗುಂಬೆ ಮಳೆ

ಮೇಷ್ಟ್ರೇ, ಕುವೆಂಪು ಬಿಟ್ಟಿದ್ದೀರಿ! ನಾವು ತೀರ್ಥಹಳ್ಳಿ ಕಡೆಯವರು ಸುಮ್ನೆ ಬಿಡ್ತೀವಾ?

"ಮಲೆಗಳಲ್ಲಿ ಮದುಮಗಳು" 1967ರಲ್ಲಿ ಬಂದಿದ್ದು, ಕತೆ ನಡೆಯೋದು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ. ಅದರಲ್ಲಿ ಪಾದ್ರಿ ಜೀವರತ್ನಯ್ಯ ಇದ್ದಾರೆ, ಸೈಕಲ್ ಇದೆ, ಕಿಲಸ್ತರ (ಅಂದರೆ ಕ್ರೈಸ್ತರ) ಜಾತಿಗೆ ಸೇರಲು ಹೊರಟ ಗೌಡರ ಮನೆಯ ದೇವಯ್ಯ ಇದ್ದಾನೆ. ಇಡೀ ಪುಸ್ತಕ ಗುಂಪಿಗೆ ಆಗಲ್ಲ, ಇಟ್ಟಿಗೆ ದಪ್ಪ. ಪಾದ್ರಿ ಬರುವ ಭಾಗಗಳನ್ನು ಮಾತ್ರ ಆರಿಸಿ ಓದಿ. ಪಾದ್ರಿಯ ಚಿತ್ರ ನಮ್ಮವರಿಗೆ ಅಲ್ಲಲ್ಲಿ ಚುಚ್ಚುತ್ತೆ. ಚುಚ್ಚಲಿ. ಊರಿನವರ ಕಣ್ಣಿಗೆ ನಾವು ಹೇಗೆ ಕಂಡೆವು ಅಂತ ನಾವೇ ಕೂತು ಓದಬೇಕಲ್ವಾ. ಯಾವಾಗಲೂ ನಮ್ಮ ಬಗ್ಗೆ ನಾವೇ ಬರೆದುಕೊಂಡಿದ್ದನ್ನು ಓದಿದರೆ ಏನು ಬಂತು.

ಅಂದಹಾಗೆ ಮಂಜೇಶ್ವರದ ಗೋವಿಂದ ಪೈಗಳ "ಗೊಲ್ಗೊಥಾ" ಕೂಡ ಇದೆ. ಯೇಸುವಿನ ಕೊನೆಯ ದಿನದ ಮೇಲೆ ಬರೆದ ಖಂಡಕಾವ್ಯ. ಶುಭ ಶುಕ್ರವಾರದ ಹಿಂದಿನ ವಾರಕ್ಕೆ ಇದಕ್ಕಿಂತ ಬೇಕಾ?

ಸಾಗರದ ಮೇಷ್ಟ್ರು

ಗೊಲ್ಗೊಥಾ ಒಪ್ಪಿದೆ, ಆದರೆ ಭಾಷೆ ಗಟ್ಟಿ. ಸರದಿಯ ಮೇಲೆ ಓದಿಸಬೇಡಿ, ಕೊಂದುಹಾಕುತ್ತಾರೆ. ಚೆನ್ನಾಗಿ ಓದುವವರು ಒಬ್ಬರೇ ಮೊದಲೇ ತಯಾರಾಗಿ ಬಂದು ಒಂದೆರಡು ಪುಟ ಓದಲಿ, ಅದೂ ಎರಡು ಸಲ. ಮೊದಲ ಸಲ ಕಿವಿಗೆ, ಎರಡನೇ ಸಲ ಅರ್ಥಕ್ಕೆ. ಕುವೆಂಪು ವಿಷಯದಲ್ಲಿ ತೀರ್ಥಹಳ್ಳಿಯವರ ಜೊತೆ ವಾದ ಮಾಡುವಷ್ಟು ಧೈರ್ಯ ನನಗಿಲ್ಲ.

ಪೇಪರ್ ಟೌನ್ ಅಕ್ಕ, ಭದ್ರಾವತಿ

ನಮ್ಮ ಗುಂಪಿನ ಕತೆ ಬೇರೆ. ಭದ್ರಾವತಿ ಗೊತ್ತಲ್ಲ, ಕಾರ್ಖಾನೆಗಳಿಗೆ ಅಂತ ಎಲ್ಲೆಲ್ಲಿಂದಲೋ ಬಂದವರ ಊರು. ತಮಿಳು ಮನೆಮಾತಿನವರು, ಮಲಯಾಳಿಗಳು, ಕೊಂಕಣಿಯವರು, ತೆಲುಗಿನವರು ಎಲ್ಲ ಇದ್ದಾರೆ. ಮಾತಾಡೋದು ಕನ್ನಡ, ಓದೋದು ತಲೆಗೊಂದು ಭಾಷೆ. ನಾವು ಕಂಡುಕೊಂಡ ದಾರಿ ಅಂದರೆ ತಿಂಗಳಿಗೆ ಒಬ್ಬರು ತಮ್ಮ ಭಾಷೆಯಲ್ಲಿ ಒಂದು ಪುಸ್ತಕ ಓದಿ, ಕನ್ನಡದಲ್ಲಿ ಕತೆ ಹೇಳುವುದು. ಹೇಳಿದವರ ಮನಸ್ಸಿಗೆ ಯಾವುದು ತಾಗಿದೆಯೋ ಅದೇ ಕತೆಯಲ್ಲಿ ದೊಡ್ಡದಾಗುತ್ತೆ. ಅದನ್ನು ನೋಡೋದೇ ಚೆಂದ.

ನಮ್ಮ ಸ್ಟಾಫ್ ನರ್ಸ್ ಒಬ್ಬರು ಕೋರಿ ಟೆನ್ ಬೂಮ್ ಅವರ "ದಿ ಹೈಡಿಂಗ್ ಪ್ಲೇಸ್" ಹಾಗೆ ಹೇಳಿದರು. ಹಾಲೆಂಡಿನ ಗಡಿಯಾರ ರಿಪೇರಿ ಮಾಡುವ ಮನೆಯವರು, ಯೆಹೂದ್ಯರನ್ನು ಬಚ್ಚಿಟ್ಟು ಸಿಕ್ಕಿಬಿದ್ದವರು. ರಾವೆನ್ಸ್‌ಬ್ರೂಕ್ ಶಿಬಿರದ ಬ್ಯಾರಕ್ಕಿನ ತುಂಬ ಚಿಗಟ. ಅಕ್ಕ ಬೆಟ್ಸಿ ಚಿಗಟಕ್ಕೂ ದೇವರಿಗೆ ಸ್ತೋತ್ರ ಹೇಳು ಅನ್ನುತ್ತಾಳೆ. ತಂಗಿಗೆ ಆಗಲ್ಲ. ಆಮೇಲೆ ಗೊತ್ತಾಗುತ್ತೆ, ಚಿಗಟದ ಭಯಕ್ಕೇ ಕಾವಲಿನವರು ಒಳಗೆ ಕಾಲಿಡುತ್ತಿರಲಿಲ್ಲ. ಅದರಿಂದಲೇ ಇವರು ಧೈರ್ಯವಾಗಿ ಬೈಬಲ್ ಓದಲು ಆಯಿತು. ನಮ್ಮ ನರ್ಸ್ ಇಷ್ಟು ಹೇಳಿ, "ನನಗೆ ಇನ್ನೂ ಬೆಟ್ಸಿ ಮೇಲೆ ಸಿಟ್ಟಿದೆ, ವಾರ್ಡಲ್ಲಿ ನೋವಿನಲ್ಲಿರೋರಿಗೆ ಸ್ತೋತ್ರ ಹೇಳಿ ಅನ್ನೋಕೆ ನನಗೆ ಬಾಯಿ ಬರಲ್ಲ" ಅಂದರು. ಆ ಮಾತಿನ ಮೇಲೆ ಒಂದು ಗಂಟೆ ಹೋಯಿತು.

ಮತ್ತೆ ಪಂಡಿತಾ ರಮಾಬಾಯಿಯನ್ನು ಬಿಡಬೇಡಿ. ಪುಣೆ, ಮುಂಬೈ ಅಂತ ಎಲ್ಲರೂ ಹೇಳುತ್ತಾರೆ. ಹುಟ್ಟಿದ್ದು ನಮ್ಮ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ! ನಿಮ್ಮ ತುಂಗೆ, ನಮ್ಮ ಭದ್ರೆ ಹುಟ್ಟುವ ಜಾಗವೇ. ತಂದೆ ಅನಂತ ಶಾಸ್ತ್ರಿಗಳು ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಜನರ ಸಿಟ್ಟಿಗೆ ಗುರಿಯಾಗಿ ಕಾಡು ಸೇರಿದವರು. ಅಮ್ಮ ಕಲಿತದ್ದನ್ನು ಮಗಳಿಗೆ ಕಲಿಸಿದರು. ಬರಗಾಲದಲ್ಲಿ ತಂದೆತಾಯಿ ಇಬ್ಬರೂ ಹೋದರು. 1878ರಲ್ಲಿ ಕಲ್ಕತ್ತೆಯ ವಿದ್ವಾಂಸರು ಪಂಡಿತಾ ಅಂದರು. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ. ಆಮೇಲೂ ಮಿಷನರಿಗಳು ಹೇಳಿದ್ದಕ್ಕೆಲ್ಲ ಹೂಂ ಅಂದವರಲ್ಲ, ಜಗಳ ಆಡಿಕೊಂಡೇ ನಂಬಿದವರು. ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು, ಬೈಬಲನ್ನು ಮರಾಠಿಗೆ ತಂದರು. ಅವರು ಇಂಗ್ಲಿಷಿನಲ್ಲಿ ಬರೆದ ಆತ್ಮಸಾಕ್ಷಿ ಚಿಕ್ಕದು. ಆ ಡಿಗ್ರಿ ಮಕ್ಕಳಿಗೆ ಅದನ್ನೇ ಕೊಟ್ಟು ಕನ್ನಡದಲ್ಲಿ ಹೇಳಿಸಿ. ಲೂಯಿಸ್ ಬೇಕು ಅಂದವರಿಗೆ ಗಂಗಾಮೂಲದವರು ಸಿಗಲಿ. ಪಕ್ಕಕ್ಕೆ ರೂತಳ ಪುಸ್ತಕ ಇಡಿ, ನಾಲ್ಕೇ ಅಧ್ಯಾಯ, ಅದೂ ಬರಗಾಲದಲ್ಲಿ ಊರು ಬಿಡುವುದರಿಂದಲೇ ಶುರು.

ಕೊಪ್ಪದ ಕಾಫಿ

ಸರಿ ಸರಿ, ಗುಂಪು ಒಡೆಯುವುದು ಬೇಡ. ಹಿರಿಯರ ಬಗ್ಗೆ ಒಂದು ಮಾತು. ಭಾರವಾದದ್ದೇ ಬೇಕು ಅನ್ನುವವರಿಗೆ ಕೆಲಸ ಹಚ್ಚಿ. ಬಾಸೆಲ್ ಮಿಷನ್ನಿನವರು ಕನ್ನಡಕ್ಕೆ ಏನು ಮಾಡಿದರು ಅಂತ ಹದಿನೈದು ನಿಮಿಷ ಹೇಳಲಿ. ಮೊಗ್ಲಿಂಗ್ ಅವರ ಮಂಗಳೂರು ಸಮಾಚಾರ ಪತ್ರಿಕೆ 1843, ಕಿಟ್ಟೆಲ್ ಅವರ ನಿಘಂಟು 1894, ಎಷ್ಟೊಂದು ಇದೆ. ಮೈಕ್ ಕೊಟ್ಟರೆ ಅರ್ಧ ವಿರೋಧ ಇಳಿಯುತ್ತೆ. ನಮ್ಮಲ್ಲಿ ಪೂರ್ತಿ ಇಳಿದಿದೆ, ಈಗ ನಿಲ್ಲಿಸುವುದೇ ಕಷ್ಟ.

ತುಂಗಾತೀರದವಳು, ಶಿವಮೊಗ್ಗ

ಅಬ್ಬಾ, ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. ನಾನು ಹೀಗೆ ಹಾಕಿಕೊಂಡಿದ್ದೇನೆ. ಜೂನ್‌ನಲ್ಲಿ ಪಾಹೋಮನ ಕತೆ, ಜೊತೆಗೆ ಲೂಕ 12. ತೋಟದ ಇಬ್ಬರು ಅಂಕಲ್ ಇದ್ದಾರಲ್ಲ, ನೋಡೋಣ ಯಾರು ಬೇಲಿ ಹಾಕ್ತಾರೆ ಅಂತ. ಆಮೇಲೆ "ದ್ವೀಪ", ಮಳೆಗಾಲಕ್ಕೇ ಸರಿ. ಅಡಿಕೆ ಕೊಯ್ಲು ಶುರುವಾದರೆ ಅರ್ಧ ಜನ ಬರಲ್ಲ, ಹಾಗಾಗಿ ಆಗ ರಮಾಬಾಯಿಯನ್ನು ಮಕ್ಕಳಿಂದ ಹೇಳಿಸುತ್ತೇನೆ, ತಪ್ಪಿಸಿಕೊಂಡವರಿಗೂ ಎಳೆ ಸಿಗುತ್ತೆ. ಡಿಸೆಂಬರ್‌ನಲ್ಲಿ ಚಪ್ಪಲಿ ಹೊಲಿಯುವ ಮಾರ್ಟಿನ್. ಶ್ರಮೆಯ ದಿನಗಳಿಗೆ ಗೊಲ್ಗೊಥಾ. ಮದುಮಗಳು ಮುಂದಿನ ವರ್ಷ, ಆಗುಂಬೆಯವರು ಬೇಜಾರು ಮಾಡ್ಕೋಬೇಡಿ.

ಕಂಡಕ್ಟರ್ ಅಂಕಲ್‌ಗೆ ಜೋರಾಗಿ ಓದುವ ವಿಷಯ ಹೇಳಿದೆ. ಮೂವತ್ತು ವರ್ಷ ಊರಿನ ಹೆಸರು ಕೂಗಿದ ಗಂಟಲಮ್ಮ, ಕೊಡಿ ಇಲ್ಲಿ ಅಂದರು.

ಇನ್ನೊಂದೇ ಡೌಟು ಮೇಷ್ಟ್ರೇ. ನಮ್ಮ ಹಾಲ್‌ಗೆ ಶೀಟು ಹೊದೆಸಿದ್ದಾರೆ. ಜುಲೈ ಮಳೆ ಬಿದ್ದರೆ ಪಕ್ಕದಲ್ಲಿ ಕೂತವರ ಮಾತೂ ಕೇಳಲ್ಲ. ಅಂಕಲ್ ಗಂಟಲಿಗೂ ಅದು ಮೀರಿದ್ದು. ಏನು ಮಾಡಲಿ?

ಸಾಗರದ ಮೇಷ್ಟ್ರು

ಆ ಎರಡು ತಿಂಗಳು ಯಾರದ್ದಾದರೂ ಹೆಂಚಿನ ಮನೆಯಲ್ಲಿ ಸೇರಿ. ಜಗಲಿ ದೊಡ್ಡದಿರಬೇಕು. ಅಜ್ಜಿಗೆ ಹತ್ತಿರ ಇರುವ ಮನೆಯೇ ನೋಡಿ, ಉಳಿದವರು ಕೊಡೆ ಹಿಡಿದುಕೊಂಡು ಬರುತ್ತಾರೆ. ಮನೆಯವರಿಗೆ ಚಹಾ ಖರ್ಚು ಹೊರಿಸಬೇಡಿ, ಗುಂಪಿನಿಂದಲೇ ಸಕ್ಕರೆ, ಪುಡಿ ತಗೊಂಡು ಹೋಗಿ. ಪುಸ್ತಕಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಡಿ, ಗ್ರಂಥಾಲಯದವರಿಗೆ ಒದ್ದೆ ಪುಸ್ತಕ ವಾಪಸ್ ಕೊಟ್ಟರೆ ಮುಂದಿನ ಸಲ ಕಾರ್ಡೇ ಮುಟ್ಟಲ್ಲ.